ಮೊದಲ ಹಿಂಡಿಗೆ ಶುದ್ಧ ತಳಿಯ ಕೋಳಿ: ಮರಿಗಿಂತ ಮೊದಲು ತಾಯಿ-ತಂದೆಯನ್ನು ನೋಡಿರಿ

ಬಿತ್ತನೆಯ ಬೀಜ ಕೊಳ್ಳುವಾಗ ನೀವು ಸಾಕಷ್ಟು ಎಚ್ಚರಿಕೆ ವಹಿಸುತ್ತೀರಿ. ಚೀಲದ ಮೇಲಿನ ಚೀಟಿ ಓದುತ್ತೀರಿ, ಮೊಳಕೆಯ ಪ್ರಮಾಣ ವಿಚಾರಿಸುತ್ತೀರಿ, ಹಿಂದಿನ ವರ್ಷ ಅದೇ ಬೀಜ ಹಾಕಿದವರ ಹೊಲಕ್ಕೆ ಹೋಗಿ ಬೆಳೆ ನೋಡಿ ಬರುತ್ತೀರಿ. ಕೋಳಿಯ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆ ಅಷ್ಟಾಗಿ ಕಂಡುಬರುವುದಿಲ್ಲ. ಸಂತೆಯಲ್ಲಿ ಯಾರೋ ಬುಟ್ಟಿಯ ಮುಚ್ಚಳ ತೆಗೆದು "ಇದು ಅಸಲಿ ಕಡಕ್‌ನಾಥ್" ಎಂದರೆ, ನಾಟಿ ಮರಿಗಿಂತ ಹಲವು ಪಟ್ಟು ಬೆಲೆ ಕೊಟ್ಟು ತರುವವರುಂಟು. ಆರು ತಿಂಗಳು ಕಾಳು ಹಾಕಿ ಸಾಕಿ, ಆ ಕೋಳಿಯಿಂದ ಮರಿ ತೆಗೆಸಿದಾಗ ಒಂದು ಕಪ್ಪು, ಒಂದು ಕೆಂಪು, ಒಂದು ಬೂದು ಬಣ್ಣದ್ದು ಹುಟ್ಟುತ್ತದೆ. ಕೊಟ್ಟ ಹಣ ಹೆಸರಿಗೆ ಹೋಯಿತೇ ಹೊರತು ತಳಿಗೆ ಹೋಗಲಿಲ್ಲವೆಂದು ಆಗ ತಿಳಿಯುತ್ತದೆ.

ಇಂತಹ ನಷ್ಟವನ್ನು ತಪ್ಪಿಸಿಕೊಳ್ಳುವುದು ಕಷ್ಟವಲ್ಲ. ಶುದ್ಧ ತಳಿ ಎಂದರೇನು, ಅದು ಎಲ್ಲಿ ಸಿಗುತ್ತದೆ, ಕೊಳ್ಳುವಾಗ ಏನನ್ನು ನೋಡಬೇಕು ಎಂಬುದನ್ನು ಮೊದಲೇ ಅರಿತಿದ್ದರೆ ಸಾಕು.

ಶುದ್ಧ ತಳಿ ಎಂದರೇನು?

ಎಂ. 35-1 ಜೋಳದ ಒಳ್ಳೆಯ ತೆನೆಗಳನ್ನು ಆರಿಸಿಟ್ಟು ಮುಂದಿನ ವರ್ಷ ಬಿತ್ತಬಹುದು. ಬೆಳೆ ಹಿಂದಿನಂತೆಯೇ ಬರುತ್ತದೆ. ಆದರೆ 1964ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್.-1 ಹೈಬ್ರಿಡ್ ಜೋಳದ ಕಾಳನ್ನು ಮನೆಯಲ್ಲಿಟ್ಟು ಬಿತ್ತಿದವರಿಗೆ ಗಿಡಗಳು ಎತ್ತರ-ಗಿಡ್ಡವಾಗಿ ಬಂದು ಇಳುವರಿ ಕುಸಿದದ್ದು ನೆನಪಿರಬಹುದು. ಕೋಳಿಗೂ ಇದೇ ನಿಯಮ ಅನ್ವಯಿಸುತ್ತದೆ. ತನ್ನ ರೂಪ, ಬಣ್ಣ, ಗಾತ್ರ ಮತ್ತು ಗುಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚು ವ್ಯತ್ಯಾಸವಿಲ್ಲದೆ ದಾಟಿಸುವ ಕೋಳಿಯೇ ಶುದ್ಧ ತಳಿಯದು. "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬ ಗಾದೆ ಇಂತಹ ತಳಿಗೆ ಸರಿಯಾಗಿ ಹೊಂದುತ್ತದೆ.

ನಮ್ಮ ರೈತರಿಗೆ ಚೆನ್ನಾಗಿ ಪರಿಚಯವಿರುವ ಗಿರಿರಾಜ ಕೋಳಿ ಶುದ್ಧ ತಳಿಯಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ, ಆಗ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಪಶುವೈದ್ಯ ಕಾಲೇಜಿನಲ್ಲಿ, 1980ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಲಾಯಿತು. ಅನಂತರ ಬಂದ ಸ್ವರ್ಣಧಾರಾ, ಹೈದರಾಬಾದಿನ ವನರಾಜ ಇವೂ ಸಂಕರಣದಿಂದ ಪಡೆದ ಸುಧಾರಿತ ಕೋಳಿಗಳು. ಹಿತ್ತಲಿನಲ್ಲಿ ಸಾಕಲು ಇವು ಬಹಳ ಉತ್ತಮ. ಆದರೆ ಇವುಗಳ ಮೊಟ್ಟೆಯನ್ನು ಮನೆಯಲ್ಲಿ ಕಾವಿಗಿಟ್ಟು ಪಡೆದ ಮರಿಗಳಲ್ಲಿ ತಾಯಿ-ತಂದೆಯ ಇಳುವರಿ ಉಳಿಯುವುದಿಲ್ಲ. ಪ್ರತಿ ಸಲವೂ ಮರಿಗಳನ್ನು ಕೇಂದ್ರದಿಂದಲೇ ತರಬೇಕಾಗುತ್ತದೆ.

ಮೊದಲು ಉದ್ದೇಶ ನಿರ್ಧರಿಸಿರಿ

ಮೊಟ್ಟೆ ಮಾರುವುದೊಂದೇ ನಿಮ್ಮ ಉದ್ದೇಶವಾಗಿದ್ದರೆ ದೇಶೀ ಶುದ್ಧ ತಳಿಯನ್ನು ಆರಿಸಬೇಡಿರಿ. ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆಯಿಡುವ ವಾಣಿಜ್ಯ ಕೋಳಿಗಳೊಡನೆ ಅದು ಸ್ಪರ್ಧಿಸಲಾರದು. ಆದರೆ ಮರಿಗಳನ್ನು ನೀವೇ ಉತ್ಪಾದಿಸಿ, ವರ್ಷ ವರ್ಷವೂ ಹೊರಗಿನಿಂದ ಕೊಳ್ಳದೆ ಹಿಂಡನ್ನು ಮುಂದುವರಿಸಬೇಕೆಂದಿದ್ದರೆ, ಅಥವಾ ನಾಟಿ ಮಾಂಸಕ್ಕೆ, ತಳಿಯ ಮರಿ ಹಾಗೂ ಹುಂಜಗಳಿಗೆ ನಿಮ್ಮ ಸುತ್ತಮುತ್ತ ಬೇಡಿಕೆಯಿದ್ದರೆ, ಶುದ್ಧ ತಳಿ ಲಾಭ ತರುತ್ತದೆ. ಮೊದಲ ಸಲಕ್ಕೆ ಒಂದೇ ತಳಿ ಸಾಕು. ಎರಡು ಮೂರು ತಳಿಗಳನ್ನು ಒಂದೇ ಹಿತ್ತಲಿನಲ್ಲಿ ಬಿಟ್ಟರೆ ವರ್ಷ ತುಂಬುವುದರೊಳಗೆ ಎಲ್ಲವೂ ಬೆರೆತು ಯಾವುದೂ ಉಳಿಯುವುದಿಲ್ಲ.

ನಮಗೆ ಹೊಂದುವ ಮೂರು ತಳಿಗಳು

ಅಸೀಲ್: ಈ ಹೆಸರಿನ ಅರ್ಥವೇ 'ಅಪ್ಪಟ' ಎಂದು. ಆಂಧ್ರ ಪ್ರದೇಶ, ಛತ್ತೀಸಗಢ ಮತ್ತು ಒಡಿಶಾ ಇದರ ನೆಲೆ. ಉದ್ದನೆಯ ಕುತ್ತಿಗೆ, ನೆಟ್ಟಗಿನ ನಿಲುವು, ಅಗಲವಾಗಿ ಊರಿದ ಗಟ್ಟಿ ಕಾಲುಗಳು, ತಲೆಗೆ ಅಂಟಿದಂತಿರುವ ಸಣ್ಣ ಜುಟ್ಟು, ಮೈಗೆ ಬಿಗಿಯಾದ ಪುಕ್ಕ ಇದರ ಲಕ್ಷಣಗಳು. ಚೆನ್ನಾಗಿ ಬೆಳೆದ ಹುಂಜ 4ರಿಂದ 5 ಕಿಲೋ, ಹೇಂಟೆ 3ರಿಂದ 4 ಕಿಲೋ ತೂಗುತ್ತವೆ. ಬೆಳವಣಿಗೆ ನಿಧಾನ, ಮೊಟ್ಟೆ ಕಡಿಮೆ. ಆದರೆ ಹೇಂಟೆ ಕಾವಿಗೆ ಕೂರುವುದರಲ್ಲಿ ಮತ್ತು ಮರಿ ಕಾಯುವುದರಲ್ಲಿ ಎತ್ತಿದ ಕೈ. ಹುಂಜಗಳು ಕಾದಾಡಿ ಸಾಯುವುದರಿಂದ ಎಳೆಯ ವಯಸ್ಸಿನಲ್ಲೇ ಅವುಗಳನ್ನು ಬೇರ್ಪಡಿಸಬೇಕು. ಪಂದ್ಯದ ಆಸೆಗೆ ಇವನ್ನು ಕೊಳ್ಳಬೇಡಿರಿ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಕಡಕ್‌ನಾಥ್: ಮಧ್ಯ ಪ್ರದೇಶದ ಜಾಬುವಾ ಮತ್ತು ಧಾರ್ ಪ್ರದೇಶದ ತಳಿ. ಜಾಬುವಾದ ಈ ಕಪ್ಪು ಕೋಳಿ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಚರ್ಮ, ಕಾಲು, ಕೊಕ್ಕು, ನಾಲಿಗೆ ಎಲ್ಲವೂ ಕಪ್ಪು ಛಾಯೆಯವು. ಮಾಂಸ ಮತ್ತು ಒಳಗಿನ ಅಂಗಗಳೂ ಕಪ್ಪು. ಹುಂಜ ಸುಮಾರು 2 ಕಿಲೋ, ಹೇಂಟೆ ಒಂದೂವರೆ ಕಿಲೋದವರೆಗೆ ತೂಗುತ್ತದೆ. ಇದರ ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕಂದು. ಕಪ್ಪು ಮೊಟ್ಟೆ ತೋರಿಸಿ ಇದು ಕಡಕ್‌ನಾಥ್ ಮೊಟ್ಟೆ ಎನ್ನುವವರನ್ನು ನಂಬಬೇಡಿರಿ. ಈ ಹೇಂಟೆ ಕಾವಿಗೆ ಕೂರುವುದು ಕಡಿಮೆಯಾದ್ದರಿಂದ ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗೆ ಇಡಬೇಕಾಗುತ್ತದೆ.

ಘಾಗಸ್: ಆಂಧ್ರ ಪ್ರದೇಶ ಮತ್ತು ಕರ್ನಾಟಕ ಇದರ ನೆಲೆಯೆಂದು ದಾಖಲಾಗಿದೆ. ಮಧ್ಯಮ ಗಾತ್ರದ, ಮೇಯ್ದು ಬದುಕಬಲ್ಲ ಗಟ್ಟಿ ಕೋಳಿ. ಹೇಂಟೆಗಳು ಕಾವಿಗೆ ಚೆನ್ನಾಗಿ ಕೂರುತ್ತವೆ. ನಮ್ಮ ಹವೆಗೆ ಒಗ್ಗಿದ ತಳಿಯಾದರೂ ಇದರ ಹೆಸರು ಕೇಳಿದವರು ಕಡಿಮೆ.

ಊರಿನ ನಾಟಿ ಕೋಳಿಯನ್ನು ಉತ್ತರ ಕರ್ನಾಟಕದಲ್ಲಿ ಜವಾರಿ ಕೋಳಿ ಎನ್ನುತ್ತಾರೆ. ಅದು ಒಂದು ತಳಿಯಲ್ಲ, ಅನೇಕ ತಳಿಗಳ ಬೆರಕೆ. ಅದರ ಗಟ್ಟಿತನ ಮೆಚ್ಚತಕ್ಕದ್ದೇ. ಆದರೆ ಅದನ್ನೇ ಶುದ್ಧ ತಳಿಯ ಬೆಲೆಗೆ ಕೊಳ್ಳಬಾರದು.

ಎಲ್ಲಿ ವಿಚಾರಿಸಬೇಕು?

ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮತ್ತು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಸುತ್ತಮುತ್ತ ಯಾರಲ್ಲಿ ಎಂತಹ ಕೋಳಿಗಳಿವೆ, ಯಾರ ಹಿಂಡಿನಲ್ಲಿ ರೋಗ ಬಂದಿತ್ತು ಎಂಬುದು ಅವರಿಗೆ ತಿಳಿದಿರುತ್ತದೆ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆ ಇದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಕೋಳಿ ವಿಜ್ಞಾನ ವಿಭಾಗವಿದೆ. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದಲ್ಲಿ ಅಸೀಲ್, ಘಾಗಸ್ ಮುಂತಾದ ದೇಶೀ ತಳಿಗಳನ್ನು ಉಳಿಸಿ ಬೆಳೆಸುವ ಕೆಲಸ ನಡೆದಿದೆ. ಕಡಕ್‌ನಾಥ್ ಬೇಕಾದವರು ಜಾಬುವಾದ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಇಂತಹ ಕಡೆ ಕೇಳಿದ ದಿನವೇ ಮರಿ ಸಿಗದಿರಬಹುದು. ಮುಂಚಿತವಾಗಿ ಹೆಸರು ಬರೆಸಿ ಕಾಯುವ ತಾಳ್ಮೆ ಬೇಕು.

ಖಾಸಗಿಯವರಲ್ಲಿಯೂ ಪ್ರಾಮಾಣಿಕವಾಗಿ ತಳಿ ಕಾಪಾಡಿಕೊಂಡು ಬಂದವರಿದ್ದಾರೆ. ಆದರೆ "ಮರಿ ನಾವು ಕೊಡುತ್ತೇವೆ, ಬೆಳೆದ ಕೋಳಿ ಮತ್ತು ಮೊಟ್ಟೆಯನ್ನು ದೊಡ್ಡ ಬೆಲೆಗೆ ನಾವೇ ಕೊಳ್ಳುತ್ತೇವೆ" ಎಂದು ಮುಂಗಡ ಹಣ ಕೇಳುವ ಯೋಜನೆಗಳಿಂದ ದೂರವಿರಿ. ಮಹಾರಾಷ್ಟ್ರದಲ್ಲಿ ಇಂತಹ ಕಡಕ್‌ನಾಥ್ ಯೋಜನೆಗೆ ಹಣ ಹಾಕಿದ ರೈತರು 2019ರಲ್ಲಿ ಪೊಲೀಸರ ಬಳಿ ದೂರು ಕೊಡಬೇಕಾಯಿತು.

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಮಾರುವವರ ಮನೆಗೆ ಅಥವಾ ಫಾರಂಗೆ ಸ್ವತಃ ಹೋಗಿರಿ. ಸಂತೆಯಲ್ಲಿ, ದಾರಿಯಲ್ಲಿ ವ್ಯಾಪಾರ ಮಾಡಬೇಡಿರಿ. ಅಲ್ಲಿ ಹೋದ ಮೇಲೆ ಈ ಸಂಗತಿಗಳನ್ನು ತಿಳಿದುಕೊಳ್ಳಿರಿ:

1. ಮರಿಗಳ ತಾಯಿ-ತಂದೆ ಎಲ್ಲಿವೆ? ಅವನ್ನು ತೋರಿಸಲು ಒಪ್ಪದವರಲ್ಲಿ ಕೊಳ್ಳಬೇಡಿರಿ. ಬೆರಕೆ ಮರಿಗಳಲ್ಲಿಯೂ ಮೈಬಣ್ಣ ಕಪ್ಪಾಗಿರಬಹುದು. ಆದ್ದರಿಂದ ಮರಿಯ ಬಣ್ಣವೊಂದನ್ನೇ ನೋಡಿ ಶುದ್ಧ ತಳಿಯೆಂದು ತೀರ್ಮಾನಿಸಲಾಗದು.

2. ಒಂದೇ ಸಲ ಹುಟ್ಟಿದ ಮರಿಗಳೆಲ್ಲ ಒಂದೇ ಬಗೆಯಾಗಿವೆಯೇ? ಆರಿಸಿಟ್ಟ ನಾಲ್ಕು ಮರಿಗಳನ್ನಲ್ಲ, ಇಡೀ ಗುಂಪನ್ನು ನೋಡಿರಿ. ತಳಿಯ ಶುದ್ಧತೆ ಗುಂಪಿನಲ್ಲಿ ಕಾಣುತ್ತದೆ.

3. ಬೇರೆ ತಳಿಯ ಹುಂಜಗಳಿಂದ ಹೇಂಟೆಗಳನ್ನು ಪ್ರತ್ಯೇಕವಾಗಿ ಇಟ್ಟಿದ್ದಾರೆಯೇ? ಹೇಂಟೆ ಒಮ್ಮೆ ಹುಂಜದೊಡನೆ ಕೂಡಿದರೆ ಎರಡು ಮೂರು ವಾರಗಳವರೆಗೆ ಫಲಿತ ಮೊಟ್ಟೆಗಳನ್ನಿಡಬಲ್ಲದು. ಬೇರ್ಪಡಿಸಿ ಮೂರು ವಾರ ಕಳೆದ ಮೇಲಿನ ಮೊಟ್ಟೆಗಳನ್ನೇ ತಳಿಗೆ ಬಳಸಬೇಕು.

4. ಎಷ್ಟು ಹುಂಜಗಳಿವೆ, ಅವು ಎಲ್ಲಿಂದ ಬಂದವು? ಒಂದೇ ಹುಂಜದಿಂದ ವರ್ಷಗಟ್ಟಲೆ ಮರಿ ತೆಗೆದ ಹಿಂಡಿನಲ್ಲಿ ರಕ್ತಸಂಬಂಧ ಹೆಚ್ಚಾಗಿ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲ, ಮರಿಗಳು ನಿಶ್ಶಕ್ತವಾಗುತ್ತವೆ.

5. ಯಾವ ಲಸಿಕೆ, ಯಾವ ದಿನ ಹಾಕಿಸಿದ್ದಾರೆ? ಪುಲ್ಲೋರಂ ಎಂಬ ಬಿಳಿಭೇದಿ ರೋಗ ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ಬರುತ್ತದೆ. ತಾಯಿ ಕೋಳಿಗಳ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿರಿ.

ಮೊಟ್ಟೆಯೋ, ಮರಿಯೋ, ಬೆಳೆದ ಹೇಂಟೆಯೋ?

ಕಾವಿನ ಮೊಟ್ಟೆ ಎಲ್ಲಕ್ಕಿಂತ ಅಗ್ಗ. ಒಂದು ವಾರದೊಳಗಿನ ಮೊಟ್ಟೆಗಳನ್ನು ತಂದು ಕಾವಿಗೆ ಕೂತ ನಾಟಿ ಹೇಂಟೆಗೆ 10ರಿಂದ 12ರಂತೆ ಇಟ್ಟರೆ 21 ದಿನಕ್ಕೆ ಮರಿಯಾಗುತ್ತವೆ. ಆದರೆ ಪ್ರಯಾಣದ ಕುಲುಕಾಟದಲ್ಲಿ ಕೆಲವು ಕೆಡುತ್ತವೆ.

ಒಂದು ದಿನದ ಮರಿ ತರುವವರು ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. 24 ಮರಿ ತಂದರೆ ಸುಮಾರು ಅರ್ಧದಷ್ಟು ಹುಂಜಗಳೇ ಆಗಿರುತ್ತವೆ. ಸಾವು-ನೋವು ಕಳೆದರೆ ಮೊಟ್ಟೆಗೆ ಬರುವ ಹೇಂಟೆಗಳು ಎಂಟೋ ಹತ್ತೋ ಮಾತ್ರ. ಮರಿಗಳಿಗೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ಅನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸಬೇಕು.

ಹೊಸಬರಿಗೆ 6ರಿಂದ 8 ವಾರದ ಮರಿಗಳು ಹೆಚ್ಚು ಅನುಕೂಲ. ಕೃತಕ ಕಾವಿನ ಅವಶ್ಯಕತೆ ಮುಗಿದಿರುತ್ತದೆ, ಮೊದಲ ಲಸಿಕೆಗಳಾಗಿರುತ್ತವೆ, ತಳಿಯ ಲಕ್ಷಣಗಳೂ ಕಾಣತೊಡಗಿರುತ್ತವೆ. ಬೆಲೆ ಹೆಚ್ಚಾದರೂ ಮರಿ ಸಾಯುವ ಭಯ ಕಡಿಮೆ.

ಕೈಯಲ್ಲಿ ಹಿಡಿದು ಪರೀಕ್ಷಿಸಿರಿ

ಮೊಟ್ಟೆಯಿಡುವ ಹೇಂಟೆಯನ್ನು ಕೊಳ್ಳುವುದಾದರೆ ದೂರದಿಂದ ನೋಡಿದರೆ ಸಾಲದು. ಕಣ್ಣು ಹೊಳಪಾಗಿರಬೇಕು. ಮೂಗಿನಲ್ಲಿ ಸಿಂಬಳ, ಉಸಿರಿನಲ್ಲಿ ಗೊರಗೊರ ಸದ್ದು ಇರಬಾರದು. ಎದೆಯ ಮೂಳೆ ನೇರವಾಗಿರಬೇಕು. ರೆಕ್ಕೆಯ ಕೆಳಗೆ ಮತ್ತು ಗುದದ್ವಾರದ ಸುತ್ತ ಪುಕ್ಕ ಸರಿಸಿ ಹೇನು ಇವೆಯೇ ನೋಡಿರಿ. ಗುದದ್ವಾರದ ಎರಡು ಪಕ್ಕದ ಚೂಪು ಮೂಳೆಗಳ ನಡುವೆ ಎರಡು ಮೂರು ಬೆರಳು ಹಿಡಿದರೆ ಹೇಂಟೆ ಮೊಟ್ಟೆಯಿಡುತ್ತಿದೆಯೆಂದು ತಿಳಿಯಬಹುದು. ಒಂದೇ ಬೆರಳು ಹಿಡಿದರೆ ಮೊಟ್ಟೆ ಇನ್ನೂ ಆರಂಭವಾಗಿಲ್ಲ, ಇಲ್ಲವೇ ನಿಂತಿದೆ. ಕಾಲಿನ ಹುರುಪೆಗಳು ಎದ್ದು ಒರಟಾಗಿದ್ದರೆ, ಹುಂಜದ ಮುಳ್ಳು ಉದ್ದವಾಗಿ ಬಾಗಿದ್ದರೆ ವಯಸ್ಸಾಗಿದೆಯೆಂದು ಅರ್ಥ.

ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಅಸೀಲ್‌ನಂತಹ ಭಾರಿ ತಳಿಗೆ ಆರು ಅಥವಾ ಎಂಟು ಹೇಂಟೆಗಳಿಗೆ ಒಂದು ಇರಲಿ. ಸಾಧ್ಯವಾದರೆ ಹೇಂಟೆಗಳನ್ನು ಒಂದು ಕಡೆಯಿಂದ, ಹುಂಜವನ್ನು ಅದೇ ತಳಿಯನ್ನು ಸಾಕುವ ಇನ್ನೊಂದು ಕಡೆಯಿಂದ ತನ್ನಿರಿ.

ಮನೆಗೆ ತಂದ ಮೇಲೆ

ಹೊಸ ಕೋಳಿಗಳನ್ನು ನೇರವಾಗಿ ಮನೆಯ ಕೋಳಿಗಳ ಜೊತೆ ಬಿಡಬಾರದು. ಮೂರು ನಾಲ್ಕು ವಾರ ಬೇರೆ ಗೂಡಿನಲ್ಲಿಟ್ಟು, ಹಳೆಯ ಕೋಳಿಗಳ ಕೆಲಸ ಮುಗಿಸಿದ ಅನಂತರವೇ ಇವುಗಳ ಬಳಿ ಹೋಗಿರಿ. ಕೊಕ್ಕರೆ ರೋಗದ ಲಸಿಕೆ ಆಗಿರದಿದ್ದರೆ ಪಶುವೈದ್ಯರ ಸಲಹೆಯಂತೆ ಹಾಕಿಸಿರಿ. ಸುತ್ತಲಿನ ಪ್ರದೇಶದಲ್ಲಿ ಹಕ್ಕಿಜ್ವರದ ಸುದ್ದಿಯಿದ್ದಾಗ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೋಳಿ ಕೊಳ್ಳಬೇಡಿರಿ.

ನಾಟಿ ಹುಂಜಗಳು ಒಳಗೆ ಬಾರದಂತೆ ತಂತಿಬಲೆಯ ಬೇಲಿ ಅಗತ್ಯ. ಪ್ರತಿ ಪೀಳಿಗೆಯ ಮರಿಗಳ ಕಾಲಿಗೆ ಬೇರೆ ಬೇರೆ ಬಣ್ಣದ ಉಂಗುರ ಹಾಕಿ, ಹುಟ್ಟಿದ ದಿನಾಂಕ ಮತ್ತು ತಾಯಿ-ತಂದೆಯ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ತಳಿಯ ಲಕ್ಷಣವಿಲ್ಲದ ಮರಿಗಳನ್ನು ಮಾಂಸಕ್ಕೆ ಮಾರಿರಿ, ತಳಿಯೆಂದು ಮಾರಬೇಡಿರಿ. ಎರಡು ವರ್ಷಕ್ಕೊಮ್ಮೆ ಹುಂಜವನ್ನು ಬದಲಿಸಿರಿ. ಒಂದೇ ತಳಿ ಸಾಕುವ ಇಬ್ಬರು ಮೂವರು ರೈತರು ಪರಸ್ಪರ ಹುಂಜಗಳನ್ನು ಬದಲಾಯಿಸಿಕೊಂಡರೆ ಹಣ ಖರ್ಚಿಲ್ಲದೆ ಈ ಕೆಲಸ ಆಗುತ್ತದೆ.

ಹೀಗೆ ಮಾಡಿದ ರೈತರ ಮನೆಗೆ ಎರಡು ಮೂರು ವರ್ಷಗಳಲ್ಲಿ ಇತರರು ಮರಿ ಕೇಳಿಕೊಂಡು ಬರುತ್ತಾರೆ. ಆಗ ನೀವು ಕೇಳಿದ್ದ ಪ್ರಶ್ನೆಗಳನ್ನೇ ಅವರೂ ಕೇಳುತ್ತಾರೆ. ಬೇಸರಪಡದೆ ತಾಯಿ-ತಂದೆ ಕೋಳಿಗಳನ್ನೂ ದಾಖಲೆಯ ಪುಸ್ತಕವನ್ನೂ ಅವರ ಮುಂದಿಡಿರಿ. ನಿಮ್ಮ ಮರಿಗೆ ಒಳ್ಳೆಯ ಬೆಲೆ ತರುವುದು ಅದೇ.