ನಿವೃತ್ತಿಯರಿಯದ ಅಕ್ಷರಾಸಕ್ತಿ: ನಾಡೋಜ ಕೆ. ಪಿ. ರಾವ್

ಉದ್ಯೋಗಕ್ಕೆ ನಿವೃತ್ತಿ ಒಂದು ದಿನ ಬಂದೇ ಬರುತ್ತದೆ. ಮನಸ್ಸಿಗೂ ಅದು ಬರಬೇಕೇ ಎಂಬುದು ಬೇರೆಯೇ ಪ್ರಶ್ನೆ. ಅಹಮದಾಬಾದಿನ ಬೋಪಾಲ್‌ನಲ್ಲಿ, ವಡೋದರಾ, ಸೂರತ್‌ಗಳಲ್ಲಿ ನೆಲೆನಿಂತು, ದುಡಿದು, ಈಗ ಬಿಡುವಾಗಿರುವ ಕನ್ನಡ ಹಿರಿಯರಿಗೆ ಈ ಪ್ರಶ್ನೆ ತುಸು ತೀಕ್ಷ್ಣವಾಗಿಯೇ ಎದುರಾಗುತ್ತದೆ. ಇಲ್ಲಿ ಊರಿನ ಜಗಲಿಯಿಲ್ಲ, ಬಾಲ್ಯದ ಒಡನಾಡಿಗಳಿಲ್ಲ. ಮೊಮ್ಮಕ್ಕಳ ನಾಲಿಗೆಯಲ್ಲಿ ಗುಜರಾತಿ, ಹಿಂದಿ, ಇಂಗ್ಲಿಷುಗಳು ನಲಿಯುತ್ತಿರುತ್ತವೆ. ಇಂಥವರಿಗೆ ದಾರಿ ತೋರಬಲ್ಲ ಬದುಕು ನಾಡೋಜ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು.

ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರ ಫೆಬ್ರವರಿ 29ರಂದು ಶ್ರೀಯುತರ ಜನನ. ಹುಟ್ಟಿದ ದಿನವೇ ನಾಲ್ಕು ವರ್ಷಕ್ಕೊಮ್ಮೆ ಬರುವಂಥದು! ಉದ್ಯೋಗವನ್ನರಸಿ ಕರಾವಳಿಯಿಂದ ಮುಂಬಯಿಗೆ ತೆರಳಿದ ಸಹಸ್ರಾರು ಕನ್ನಡಿಗರಂತೆ ಅವರೂ ಹೊರನಾಡಿಗರಾದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ, ಅನಂತರ ಮುದ್ರಣ ಕ್ಷೇತ್ರದ ಟಾಟಾ ಪ್ರೆಸ್ ಮತ್ತು ಮಾನೋಟೈಪ್ ಸಂಸ್ಥೆಗಳಲ್ಲಿಯೂ ಸೇವೆ ಸಲ್ಲಿಸಿದರು. ಸೀಸದ ಮೊಳೆಗಳ ಯುಗ ಮುಗಿದು ಗಣಕಯಂತ್ರದ ಯುಗ ತೊಡಗುತ್ತಿದ್ದ ಕಾಲವದು. ಭಾರತೀಯ ಲಿಪಿಗಳನ್ನು ಯಂತ್ರಕ್ಕೆ ಒಗ್ಗಿಸುವ ಕಾರ್ಯದಲ್ಲಿ ಅವರು ತಮ್ಮನ್ನು ತೊಡಗಿಸಿಕೊಂಡರು.

ಆ ಕಾರ್ಯದ ಕಷ್ಟವನ್ನು ಅರಿಯಬೇಕಾದರೆ ಕಾಗುಣಿತವನ್ನು ನೆನೆದರೆ ಸಾಕು. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತ ಬರೆದರೇ ಅಕ್ಷರರೂಪಗಳು 400ನ್ನು ದಾಟುತ್ತವೆ. ಒತ್ತಕ್ಷರಗಳು ಸೇರಿದರೆ ಎಣಿಕೆಯೇ ತಪ್ಪುತ್ತದೆ. ಇಷ್ಟನ್ನೂ ಇಂಗ್ಲಿಷಿನ 26 ಅಕ್ಷರಗಳಿಗಾಗಿ ರೂಪಿಸಿದ ಕೀಲಿಮಣೆಯಲ್ಲಿ ಅಳವಡಿಸುವುದು ಹೇಗೆ? ರಾವ್ ಅವರು ಕಣ್ಣಿಗಿಂತ ಕಿವಿಯನ್ನು ನೆಚ್ಚಿದರು. ಬೆರಳು ಧ್ವನಿಯನ್ನಷ್ಟೇ ತಿಳಿಸಲಿ, ಆಕೃತಿಯನ್ನು ಕಟ್ಟುವ ಹೊಣೆ ಯಂತ್ರದ್ದಾಗಲಿ ಎಂಬುದೇ ಅವರ ವಿನ್ಯಾಸದ ತಿರುಳು. 'ಕೆ' ಕೀಲಿಯನ್ನು ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. 'ಎಫ್' ಕೀಲಿಯದು ಅಕ್ಷರಗಳನ್ನು ಬೆಸೆಯುವ ಕೆಲಸ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಕ್ರಮವಾಗಿ ಒತ್ತಿದರೆ 'ಕನ್ನಡ' ಎಂಬ ಪದ ಮೂಡುತ್ತದೆ. ವರ್ಣಮಾಲೆಯನ್ನು ಧ್ವನಿಗಳ ಆಧಾರದ ಮೇಲೆ ವರ್ಗೀಕರಿಸಿದ ನಮ್ಮ ಪ್ರಾಚೀನರ ವಿವೇಕವೇ ಇಲ್ಲಿ ಹೊಸ ಯಂತ್ರಕ್ಕೆ ಆಸರೆಯಾಯಿತು ಎನ್ನಬಹುದು.

ತಾವು ರಚಿಸಿದ ತಂತ್ರಾಂಶಕ್ಕೆ ರಾವ್ ಅವರು 'ಸೇಡಿಯಾಪು' ಎಂದು ನಾಮಕರಣ ಮಾಡಿದರು. ಛಂದಸ್ಸು, ಶಬ್ದಶಾಸ್ತ್ರಗಳಲ್ಲಿ ಅಪಾರ ಪಾಂಡಿತ್ಯವಿದ್ದ ಸೇಡಿಯಾಪು ಕೃಷ್ಣ ಭಟ್ಟರಿಗೆ ಅವರು ಸಲ್ಲಿಸಿದ ಗೌರವವಿದು. ಅವರ ಕೀಲಿಮಣೆ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಮಾನ್ಯತೆ ಪಡೆದು, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಕಚೇರಿ, ಪತ್ರಿಕಾಲಯಗಳನ್ನು ತಲುಪಿತು.

ಉದ್ಯೋಗಪರ್ವ ಮುಗಿದ ಮೇಲೆ ಅವರು ಮಣಿಪಾಲದಲ್ಲಿ ನೆಲೆಸಿದರು. ಅಲ್ಲಿಯ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಪ್ರಾಚೀನ ಲಿಪಿಗಳ, ಅದರಲ್ಲೂ ಸಿಂಧೂ ಕಣಿವೆಯ ಮುದ್ರೆಗಳ ಮೇಲಿನ ಕುತೂಹಲವನ್ನು ಕೈಬಿಡಲಿಲ್ಲ. 2013ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವವನ್ನಿತ್ತಿತು. ಅಲ್ಲಿಗೂ ಅವರ ಲೇಖನಿ ವಿರಮಿಸಲಿಲ್ಲ. ಇಳಿವಯಸ್ಸಿನಲ್ಲಿ 'ವರ್ಣಕ' ಎಂಬ ಕಾದಂಬರಿಯನ್ನೇ ಬರೆದರು. ಮೊಳೆ, ತಂತ್ರಾಂಶ, ಪ್ರಾಚೀನ ಲಿಪಿ, ಕಾದಂಬರಿ: ಇವೆಲ್ಲವೂ ಬೇರೆ ಬೇರೆ ಹವ್ಯಾಸಗಳೆಂದು ತೋರಿದರೂ ಮೂಲದಲ್ಲಿರುವುದು ಅಕ್ಷರದ ಮೇಲಿನ ಪ್ರೀತಿಯೊಂದೇ. ನಿವೃತ್ತಿಯ ಮರುದಿನ ಹೊಸದೊಂದು ಆಸಕ್ತಿಯನ್ನು ಅಂಗಡಿಯಿಂದ ಕೊಂಡು ತರಲಾಗದು. ದುಡಿಮೆಯ ದಿನಗಳಲ್ಲೇ ಬೇರೂರಿದ್ದುದು ಬಿಡುವಿನ ದಿನಗಳಲ್ಲಿ ಕೊಂಬೆಯೊಡೆಯುತ್ತದೆ ಎಂಬುದಕ್ಕೆ ಈ ಬದುಕೇ ನಿದರ್ಶನ.

ವೈದ್ಯಶಾಸ್ತ್ರವೂ ಈ ವಿಷಯದಲ್ಲಿ ಮೌನವಾಗಿಲ್ಲ. 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವು 2024ರ ವರದಿಯಲ್ಲಿ ಮರೆಗುಳಿತನಕ್ಕೆ ಎಡೆಮಾಡುವ, ಆದರೆ ನಿವಾರಿಸಬಹುದಾದ 14 ಅಂಶಗಳನ್ನು ಹೆಸರಿಸಿದೆ. ಇವೆಲ್ಲವನ್ನೂ ನಿವಾರಿಸಲು ಸಾಧ್ಯವಾದರೆ ಜಗತ್ತಿನ ಇಂಥ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅದರ ಅಂದಾಜು. ಒಂಟಿತನದ ಬಾಳು, ದೈಹಿಕ ಚಟುವಟಿಕೆಯ ಅಭಾವ, ಚಿಕಿತ್ಸೆ ಕಾಣದ ಕಿವುಡು ಹಾಗೂ ದೃಷ್ಟಿದೋಷ, ರಕ್ತದೊತ್ತಡ, ಮಧುಮೇಹ ಮುಂತಾದವು ಆ ಪಟ್ಟಿಯಲ್ಲಿವೆ. ಹವ್ಯಾಸವು ಔಷಧಿಗೆ ಬದಲಿಯಲ್ಲ. ಆದರೆ ಬುದ್ಧಿಗೆ ಕೆಲಸವನ್ನೂ ಮನಸ್ಸಿಗೆ ಜೊತೆಯನ್ನೂ ಒದಗಿಸುವ ಶಕ್ತಿ ಅದಕ್ಕುಂಟು. ಸಂಜೆಯ ನಡಿಗೆ, ಕಾಲಕಾಲಕ್ಕೆ ತಪಾಸಣೆ, ಅಗತ್ಯವಿದ್ದಲ್ಲಿ ಶ್ರವಣಯಂತ್ರ, ಇವುಗಳೊಡನೆ ಅದು ಸೇರಿದಾಗಲೇ ಪೂರ್ಣಫಲ.

ಗುಜರಾತಿನ ಕನ್ನಡ ಹಿರಿಯರಿಗೆ ಇಂಥ ಕೆಲಸಕ್ಕೇನೂ ಕೊರತೆಯಿಲ್ಲ. ತಾಯಿ ಹೇಳುತ್ತಿದ್ದ ಹಾಡುಗಳು, ಊರಿನ ಅಡುಗೆಯ ವಿಧಾನಗಳು, ಪರಸ್ಥಳಕ್ಕೆ ಬಂದಿಳಿದ ಮೊದಲ ವರ್ಷಗಳ ನೆನಪುಗಳು ಬರೆಯುವವರಿಲ್ಲದೆ ನಶಿಸುತ್ತಿವೆ. ದಿನಕ್ಕೊಂದು ಪುಟವನ್ನು ಗಣಕದಲ್ಲಿ ಕನ್ನಡದಲ್ಲೇ ಬರೆದಿಟ್ಟರೆ ಮನೆಗೊಂದು ಚರಿತ್ರೆಯಾಗುತ್ತದೆ. ಮೊಮ್ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಆ ಐದು ಕೀಲಿಗಳನ್ನು ಒತ್ತಿಸಿದರೆ, ಇಂಗ್ಲಿಷಿನ ಅಕ್ಷರ ಬಲ್ಲ ಬೆರಳುಗಳಿಂದಲೇ 'ಕನ್ನಡ' ಮೂಡುವುದನ್ನು ಮಗು ಕಂಡು ಹಿಗ್ಗೀತು. ಅಜ್ಜನಿಗೆ ಮನೋವ್ಯಾಯಾಮ, ಮೊಮ್ಮಗುವಿಗೆ ಅಕ್ಷರಾಭ್ಯಾಸ. ಮಣಿಪಾಲದ ಹಿರಿಯರ ಬದುಕಿಗೆ ಹೊರನಾಡಿನ ಕನ್ನಡಿಗರು ಸಲ್ಲಿಸಬಹುದಾದ ಗೌರವವೂ ಅದೇ.