ಮನೆಗೆ ಹಣ ಉಂಟು, ಜಾಗಕ್ಕೆ ಕಾಗದ ಇಲ್ಲ

ನಮ್ಮ ಊರುಗಳಲ್ಲಿ ಬಾಡಿಗೆ ಮನೆಯಲ್ಲಿರುವವರು ಪಂಚಾಯತ್‌ಗೆ ಹೋಗಿ ಮನೆ ಕೇಳಿದರೆ ಮೊದಲು ಎದುರಾಗುವ ಪ್ರಶ್ನೆ: ‘‘ಜಾಗ ಉಂಟಾ? ನೈನ್ ಇಲೆವೆನ್ ಆಗಿದೆಯಾ?’’ ಇಲ್ಲವೆಂದರೆ ಅರ್ಜಿ ಅಲ್ಲಿಗೇ ನಿಂತಿತು.

ಯೋಜನೆಗಳಿಗೇನೂ ಬರ ಇಲ್ಲ. 2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ 15ಕ್ಕೆ ಏರಿಸಲು ಒಪ್ಪಿತು. ಟಿವಿಗಳಲ್ಲಿ ಅದರ ಜಗಳ ಬೇಕಾದಷ್ಟು ನಡೆಯಿತು. ಆದರೆ ಸ್ವಂತ ನಿವೇಶನವೇ ಇಲ್ಲದವನಿಗೆ ಶೇ. 15 ಆದರೇನು, 50 ಆದರೇನು ಮಾರಾಯ್ರೆ?

ಕರಾವಳಿಯ ತೊಂದರೆಯೇ ಬೇರೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮನೆಗಳೆಲ್ಲ ಒತ್ತಾಗಿ ಒಂದೇ ಕಡೆ ಇರುತ್ತವೆ, ಅದಕ್ಕೆ ಗ್ರಾಮಠಾಣಾ ಎಂಬ ಗಡಿ. ನಮ್ಮಲ್ಲಿ ತೋಟದ ಬದಿಗೊಂದು ಮನೆ, ಗುಡ್ಡದ ಮೇಲೊಂದು ಮನೆ. ಗ್ರಾಮಠಾಣಾ ಇಲ್ಲವೆಂದೇ ಹೇಳಬೇಕು. ಹಾಗಾಗಿ ಐದು ಸೆಂಟ್ಸ್ ಜಾಗಕ್ಕೂ ಭೂಪರಿವರ್ತನೆ, ವಿನ್ಯಾಸ ಅನುಮೋದನೆ, ಆಮೇಲೆ ನಮೂನೆ 9 ಮತ್ತು 11. ನೂರು ಸೈಟಿನ ಲೇಔಟ್ ಮಾಡುವವರು ಹೋಗುವ ದಾರಿಯಲ್ಲೇ ಬೀಡಿ ಕಟ್ಟುವ ಮಹಿಳೆಯೂ ಹೋಗಬೇಕು. ಮೇಲಾಗಿ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ. ಗಂಡು ಹೆಣ್ಣು ಮಕ್ಕಳಿಗೆಲ್ಲ ಪಾಲು ಉಂಟು. ಒಬ್ಬ ದಮಾಮಿನಲ್ಲಿ, ಒಬ್ಬ ಮುಂಬೈಯಲ್ಲಿ. ಎಲ್ಲರ ಸಹಿ ಬೀಳುವುದು ಯಾವಾಗ? ಸರಕಾರಿ ಜಾಗದಲ್ಲಿ ಮನೆ ಕಟ್ಟಿ ಕುಳಿತವರಿಗೆ 94ಸಿ ಅರ್ಜಿಯಾದರೂ ಉಂಟು. ಕೂಡುಕುಟುಂಬದ ಜಾಗದಲ್ಲಿರುವವರಿಗೆ ಅದೂ ಇಲ್ಲ.

ಕಾಗದ ಆಯಿತು ಅನ್ನಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ಸಿಗುವುದು 1.20 ಲಕ್ಷ ರೂ. ಅದೂ ಕಂತಿನಲ್ಲಿ, ಕೆಲಸ ಮುಂದುವರಿದ ಫೋಟೋ ಹಾಕಿದ ಮೇಲೆ. ಕಂತು ಬರುವ ತನಕ ಚಿನ್ನ ಅಡವಿಡುವುದೇ ಗತಿ. 2025ರ ಮಳೆಗಾಲದಲ್ಲಿ ಜಿಲ್ಲೆಯಲ್ಲಿ ಕೆಂಪುಕಲ್ಲು, ಹೊಯ್ಗೆ ಎರಡಕ್ಕೂ ತತ್ವಾರವಾಗಿ, ಅರ್ಧ ಎದ್ದ ಗೋಡೆಗಳು ಹಾಗೇ ನಿಂತವು.

ನಮ್ಮ ಜಮಾಅತ್‌ಗಳು, ಸಂಘಟನೆಗಳು ಬಡವರಿಗೆ ಮನೆ ಕಟ್ಟಿಸಿ ಬೀಗದ ಕೈ ಹಸ್ತಾಂತರಿಸುತ್ತವೆ. ಒಳ್ಳೆಯ ಕೆಲಸವೇ, ಫೋಟೋ ಕೂಡಾ ಚೆನ್ನಾಗಿ ಬರುತ್ತದೆ. ಆದರೆ ಒಂದು ಮನೆಯ ಹಣದಲ್ಲಿ ಹಲವು ಕುಟುಂಬಗಳ ಪಾಲುಪಟ್ಟಿ, ಸರ್ವೆ, ಭೂಪರಿವರ್ತನೆ ಮುಗಿಸಬಹುದು. ಆಗ ಅಷ್ಟೂ ಮಂದಿ ಸರಕಾರದ ಹಣ ಕೇಳಲು ಅರ್ಹರಾಗುತ್ತಾರೆ. ಐದು ಸೆಂಟ್ಸ್‌ನವರಿಗೆ ಕರಾವಳಿಗೆ ಒಗ್ಗುವ ಪ್ರತ್ಯೇಕ ನಿಯಮ ಮಾಡಿ ಎಂದು ಶಾಸಕರನ್ನು ಕೇಳಬೇಕಾದವರೂ ಈ ಸಂಘಟನೆಗಳೇ. ಮುಂದಿನ ಗ್ರಾಮಸಭೆಗೆ ಹೋಗುವಾಗ ಬರೀ ‘ಮನೆ ಬೇಕು’ ಎನ್ನುವ ಬದಲು, ನಮ್ಮ ವಾರ್ಡಿನಲ್ಲಿ ಯಾರ ಕಾಗದ ಎಲ್ಲಿ ನಿಂತಿದೆ ಎಂಬ ಪಟ್ಟಿ ಕೈಯಲ್ಲಿರಲಿ.