ರಿಪೋರ್ಟ್ ಬರೋ ಹೊತ್ತಿಗೆ

ಆಲಂಕಾರಿನಲ್ಲಿ ಒಬ್ಬರು ಸೊಪ್ಪು ತರಲು ಗುಡ್ಡೆಗೆ ಹೋದರು, ವಾರದೊಳಗೆ ಜ್ವರ ಬಂತು ಅಂತಿಟ್ಟುಕೊಳ್ಳಿ. ಡೆಂಗಿಯೋ, ಇಲಿಜ್ವರವೋ, ಉಣುಗು ಕಚ್ಚಿ ಬಂದ ಮಂಗನ ಕಾಯಿಲೆಯೋ? ಮುಖ ನೋಡಿ ಹೇಳೋಕೆ ಯಾವ ಡಾಕ್ಟರಿಗೂ ಆಗಲ್ಲ. ಮಂಗನ ಕಾಯಿಲೆ ಮಲೆನಾಡಿನದ್ದು, ನಮ್ಮದಲ್ಲ ಅಂತೀರಾ? ಪಕ್ಕದ ಬೆಳ್ತಂಗಡಿಯ ಪಟ್ರಮೆ ಕಾಡಿನ ಸುತ್ತ 1982-83ರಲ್ಲಿ ಜೀವ ತೆಗೆದದ್ದು ಇದೇ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಈ ವೈರಸ್ ಸಿಕ್ಕಿತು. ಆಗ ಪರೀಕ್ಷೆ ಅಂದರೆ ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವವರೆಗೆ ದಿನಗಟ್ಟಲೆ ಕಾಯೋದು. ಜೀವಂತ ವೈರಸ್ ಜೊತೆ ಕೆಲಸ. ಲ್ಯಾಬಿನವರಿಗೇ ಸೋಂಕು ತಗುಲಿದ್ದುಂಟು. ಮುಂದೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಈ ಕಾಯಿಲೆಗೆ ಆರ್‌ಟಿ-ಪಿಸಿಆರ್ ಪರೀಕ್ಷೆ ರೂಪಿಸಿತು. ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ, ಒಂದನ್ನು ಎರಡು, ಎರಡನ್ನು ನಾಲ್ಕು ಅಂತ ಸುತ್ತು ಸುತ್ತಾಗಿ ಹೆಚ್ಚಿಸೋದು. ಇಂಜಿನಿಯರಿಂಗ್ ಓದಿದ ನನಗೆ ಇದೊಂದು ಆಂಪ್ಲಿಫೈಯರ್! ಉತ್ತರ ಕೆಲವೇ ಗಂಟೆಗಳಲ್ಲಿ.

ಆದರೆ ಸ್ಯಾಂಪಲ್ ದಾರಿಯಲ್ಲೇ ಎರಡು ದಿನ ಕಳೆದರೆ? ಅದಕ್ಕೇ ತಾಲೂಕು ಆಸ್ಪತ್ರೆಯ ಮೇಜಿನ ಮೇಲೆ ಕೂರುವ, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಪಿಸಿಆರ್ ಯಂತ್ರಗಳಿಗೂ ಈ ಪರೀಕ್ಷೆಯನ್ನು ಹೊಂದಿಸಿದ್ದಾರೆ.

ನಿರ್ದಿಷ್ಟ ಮದ್ದೇ ಇಲ್ಲದ ಕಾಯಿಲೆಗೆ ಇಷ್ಟು ಅವಸರ ಯಾಕೆ ಅಂತ ಕೇಳುವವರಿದ್ದಾರೆ. ರಕ್ತಸ್ರಾವ ಶುರುವಾಗೋ ಮೊದಲೇ ರೋಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸೋಕೆ ಸ್ವಾಮಿ. ನಾಳೆ ಅದೇ ಗುಡ್ಡೆಗೆ ಹೊರಟವರನ್ನು ಇವತ್ತೇ ತಡೆಯೋಕೆ.